ತರಕಾರಿ ಪಟ್ಟಿ ಎಂದು ನಾನು ಹೇಳಿದ ಪುಸ್ತಕ

ಮಣ್ಣು ಎಂದೂ ಸುಳ್ಳು ಹೇಳುವುದಿಲ್ಲ ಎಂದು ಬಲ್ಲವರು ಬಹಳ ಗಾಂಭೀರ್ಯದಿಂದ ಹೇಳುತ್ತಾರೆ. ನಿಜ, ಹೇಳುವುದಿಲ್ಲ — ಅದರ ಪರವಾಗಿ ನಾನು ಹೇಳಿದೆ. ಸಾವಯವ ಕೃಷಿಯ ದೂರಶಿಕ್ಷಣ ಪ್ರಮಾಣಪತ್ರವನ್ನು, ಒಂದು ಹಿಡಿ ಗೊಬ್ಬರವನ್ನೂ ಮಾಡದೆ, ಪ್ರಥಮ ದರ್ಜೆಯಲ್ಲಿ ಪಡೆದವನು ನಾನು. ಗೊಬ್ಬರ ಮಾಡಿದವಳು ಸುಮತಿ. ಅವಳ ಡೈರಿಯನ್ನು ಕದ್ದೆ. ಕಳವು ಹೊರಬೀಳುವ ಹೊತ್ತಿಗೆ ಅವಳನ್ನೇ ಕಳ್ಳಿ ಮಾಡಿದೆ.

ನಾಲ್ಕು ವರ್ಷದ ಹಿಂದೆ ನಮ್ಮ ಕನ್ನಡ ಸಂಘದ ಇದೇ ಪತ್ರಿಕೆಯಲ್ಲಿ, ಶಾಲು ಹೊದ್ದು ಹಣ್ಣಿನ ಬುಟ್ಟಿ ಹಿಡಿದ ನನ್ನ ಫೋಟೋ ಅಚ್ಚಾಗಿತ್ತು. ‘ಅರವತ್ತಮೂರರ ವಿದ್ಯಾರ್ಥಿ’ ಎಂಬ ಶೀರ್ಷಿಕೆ. ಅಷ್ಟೇ ದೊಡ್ಡ ಜಾಗ ಇದಕ್ಕೂ ಕೊಡಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.

ನಾನು ಧಾರವಾಡದ ಕಡೆಯವನು, ವಿಲೆ ಪಾರ್ಲೆಯಲ್ಲಿ ಮನೆ. ಮೂವತ್ತೈದು ವರ್ಷ ವಿಮೆ ಕಚೇರಿಯಲ್ಲಿ ಕೂತು ಎದ್ದವನು. ನಿವೃತ್ತನಾದ ಮೇಲೆ ಅಡುಗೆಮನೆಯ ಆಡಳಿತವನ್ನು ಸುಧಾರಿಸಲು ಹೊರಟಾಗ ಹೆಂಡತಿ, “ನೀವು ಏನರೆ ಕಲೀರಿ, ಇಲ್ಲಾ ಎಲ್ಲಿಗರೆ ಹೋಗ್ರಿ” ಎಂದಳು. ಎರಡನ್ನೂ ಒಟ್ಟಿಗೆ ಮಾಡುವ ಉಪಾಯವೇ ದೂರಶಿಕ್ಷಣ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಪಂಚಗವ್ಯ, ಹಸಿರೆಲೆ ಗೊಬ್ಬರ, ಬೆಳೆ ಸರದಿ — ಇಲ್ಲಿ ಗ್ಯಾಲರಿ ಎನ್ನುವ ಬಾಲ್ಕನಿಯ ಕುರ್ಚಿಯಲ್ಲಿ ಕೂತು ನಾನು ಎಕರೆಗಟ್ಟಲೆ ಉತ್ತೆ. ತಿಂಗಳಿಗೊಂದು ಭಾನುವಾರ ಹತ್ತಿರದ ಕಾಲೇಜೊಂದರಲ್ಲಿ ತರಗತಿ. ನನ್ನ ಉತ್ತರಪತ್ರಿಕೆಗಳನ್ನು ಅಲ್ಲಿ ಎಲ್ಲರಿಗೂ ಓದಿ ತೋರಿಸುತ್ತಿದ್ದರು. ಅದು ನನಗೆ ಬಹಳ ಹಿಡಿಸಿತ್ತು.

ಕನ್ನಡ ಮಾತಾಡುವವರು ಅಲ್ಲಿ ಇಬ್ಬರೇ. ನಾನು, ಮತ್ತೆ ಸುಮತಿ. ಉಡುಪಿಯ ಕಡೆಯವಳು, ನಲವತ್ತರ ಆಸುಪಾಸು. ಮಾಟುಂಗದ ಹೋಟೆಲೊಂದರಲ್ಲಿ ಹನ್ನೊಂದು ವರ್ಷದಿಂದ ತರಕಾರಿ ಹೆಚ್ಚುತ್ತಿದ್ದಳು, ಇರುವುದು ದಹಿಸರ್‌ನಲ್ಲಿ. ದಿನವೂ ಹೋಟೆಲಿನ ಸಿಪ್ಪೆ, ದಂಟುಗಳನ್ನು ಎರಡು ಚೀಲಕ್ಕೆ ತುಂಬಿ, ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಬೈಗುಳ ತಿನ್ನುತ್ತ ಮನೆಗೆ ಒಯ್ಯುತ್ತಿದ್ದಳು. ಬಿಲ್ಡಿಂಗಿನ ತಾರಸಿಯ ಮೇಲೆ ನೀಲಿ ಡ್ರಮ್ಮಿನಲ್ಲಿ ಎರೆಹುಳ ಸಾಕಿದ್ದಳು. “ಸೀಟು ಮಾತ್ರ ಬೇಗ ಸಿಕ್ತದೆ ಸರ್, ಹೂಕೋಸಿನ ವಾಸನೆಗೆ ಎಲ್ಲ ದೂರ ಕೂತ್ಕೊಳ್ತಾರೆ” ಎನ್ನುತ್ತಿದ್ದಳು.

ಅವಳಿಗೆ ಈ ಕೋರ್ಸು ನನ್ನಂತೆ ಕಾಲಕ್ಷೇಪವಲ್ಲ. ಮನೆಯ ಹತ್ತಿರದ ಶಾಲೆಯವರು ತಮ್ಮ ತೋಟ ಮತ್ತು ಗೊಬ್ಬರದ ಗುಂಡಿ ನೋಡಿಕೊಳ್ಳಲು ಆಳು ಹುಡುಕುತ್ತಿದ್ದರು. ಅವಳ ಕೆಲಸವನ್ನು ಕಣ್ಣಾರೆ ಕಂಡು ಒಪ್ಪಿದ್ದರು. ಜೂನ್‌ನೊಳಗೆ ಪ್ರಮಾಣಪತ್ರ ತಂದರೆ ಕೆಲಸ ನಿನ್ನದೇ ಎಂದಿದ್ದರು. ಹನ್ನೊಂದು ವರ್ಷ ನಿಂತು ನಿಂತು ಅವಳ ಕಾಲಿನ ನರ ಉಬ್ಬಿದ್ದವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯುವ ಸೌಭಾಗ್ಯವೂ ನನಗಿಲ್ಲ.

ಪ್ರಮಾಣಪತ್ರಕ್ಕೆ ತೊಂಬತ್ತು ದಿನ ಗೊಬ್ಬರ ಮಾಡಿ ಅದರ ಡೈರಿ ಒಪ್ಪಿಸಬೇಕು. ನಾನೂ ಗ್ಯಾಲರಿಯಲ್ಲಿ ಪ್ಲಾಸ್ಟಿಕ್ ಟಬ್ಬಿಟ್ಟು ಹುಳ ತಂದು ಬಿಟ್ಟಿದ್ದೆ. ಹನ್ನೊಂದನೆಯ ದಿನ ಹುಳವೆಲ್ಲ ಸತ್ತು ವಾಸನೆ ಹೊಡೆದು, ಕೆಳಗಿನ ಮನೆಯವರು ಮೂಗು ಮುಚ್ಚಿಕೊಂಡೇ ಬಂದು ಬಾಗಿಲು ತಟ್ಟಿದರು. ಹೆಂಡತಿ, “ಕೃಷಿ ಸಾಕು, ಮಾನ ಉಳಿಸ್ರಿ” ಎಂದಳು. ಟಬ್ಬನ್ನು ಗಿಡದ ಬುಡಕ್ಕೆ ಸುರಿದು ಬಂದೆ. ದೂರಶಿಕ್ಷಣ ಕೇಂದ್ರಕ್ಕೆ ತಿಳಿಸಲಿಲ್ಲ. ಓದಿ ತೋರಿಸುವಂಥ ಉತ್ತರ ಬರೆಯುವವನ ಹುಳ ಸತ್ತವು ಎಂದು ಹೇಳುವುದು ಹೇಗೆ?

ತೊಂಬತ್ತು ದಿನ ಮುಗಿಯುವ ಹೊತ್ತಿಗೆ ಸುಮತಿ ತನ್ನ ಡೈರಿ ತಂದಳು. ಹೋಟೆಲಿನ ಹಳೆಯ ಆರ್ಡರ್ ಪುಸ್ತಕ; ಹಾಳೆಯ ಹಿಂಬದಿಯಲ್ಲಿ ಕನ್ನಡದಲ್ಲಿ ದಿನದಿನದ ವಿವರ. ಕೇಂದ್ರದವರು ಇಂಗ್ಲಿಷ್, ಹಿಂದಿ, ಮರಾಠಿ ಬಿಟ್ಟು ಬೇರೆ ಭಾಷೆಯ ಡೈರಿ ತೆಗೆದುಕೊಳ್ಳುತ್ತಿರಲಿಲ್ಲ.

“ಹಿಂದೀಲಿ ಮಾಡಿ ಕೊಟ್ರೂ ಸಾಕು ಸರ್, ಓದ್ಲಿಕ್ಕೆ ನಂಗೆ ಬರ್ತದೆ.”

“ಹಿಂದಿ ಯಾಕ? ಇಂಗ್ಲಿಷಿನ್ಯಾಗ ಮಾಡಿಕೊಡ್ತೀನಿ ತಗೋವಾ, ತೂಕ ಬರ್ತದ.”

ಆ ತೂಕವೇ ಅವಳನ್ನು ಮುಳುಗಿಸಿತು. ನಾನು ಇಂಗ್ಲಿಷ್ ಮಾಡಿದ್ದನ್ನು ಅವಳು, ಸ್ವಂತ ಕೈಬರಹದಲ್ಲೇ ಇರಬೇಕೆಂಬ ನಿಯಮದಂತೆ, ರಂಗೋಲಿ ಬಿಡಿಸಿದ ಹಾಗೆ ಅಕ್ಷರ ಅಕ್ಷರ ನೋಡಿ ಇಳಿಸಿಕೊಂಡಳು.

ಮತ್ತೆ ನಾನು — ನನ್ನ ಬಳಿ ಉಳಿದಿದ್ದ ಅದೇ ಕರಡನ್ನು ನನ್ನ ಡೈರಿಗೂ ಇಳಿಸಿದೆ. ತಾರೀಖು ಬದಲಿಸಿದೆ, ‘ಹೋಟೆಲ್’ ಇದ್ದಲ್ಲಿ ‘ಮನೆ’ ಎಂದು ಬರೆದೆ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಈ ದೇಶದಲ್ಲಿ ಲಗತ್ತುಗಳನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ಮೂವತ್ತೈದು ವರ್ಷದ ತಪಸ್ಸಿನ ಫಲ. ಮುಖಪುಟ ನೋಡುತ್ತಾರೆ, ಸಹಿ ನೋಡುತ್ತಾರೆ, ದಾರ ಕಟ್ಟಿ ಇಡುತ್ತಾರೆ. ಆ ನಂಬಿಕೆಯ ಮೇಲೆ ನಾನು ಕಳವು ಮಾಡಿದೆ.

ಪರೀಕ್ಷಕರು ಓದಿದ್ದರು.

ಮೌಖಿಕ ಪರೀಕ್ಷೆಯ ದಿನ ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ಮೇಜಿನ ಮೇಲೆ ಎರಡೂ ಡೈರಿ ಪಕ್ಕಪಕ್ಕ, ಇಪ್ಪತ್ತಮೂರನೆಯ ದಿನದ ಪುಟ ತೆರೆದಿತ್ತು. ಅಂದು ಸುಮತಿಯ ಹುಳಗಳೆಲ್ಲ ಡ್ರಮ್ಮಿನ ಅಂಚಿಗೆ ಹತ್ತಿ ಬಂದಿದ್ದವು. ಡ್ರಮ್ಮಿನಲ್ಲಿ ಮೊದಲು ಹೋಟೆಲಿನ ಉಪ್ಪಿನಕಾಯಿಯ ಮಾವು ಹಾಕಿಡುತ್ತಿದ್ದರು; ಎರಡು ಸಲ ತೊಳೆದರೂ ಉಪ್ಪು ಉಳಿದಿದ್ದನ್ನು ಅವಳು ಮೂಸಿಯೇ ಕಂಡುಹಿಡಿದಿದ್ದಳು. ಅವಳು ಹುಳಗಳನ್ನು ಒದ್ದೆ ಗೋಣಿಗೆ ಎತ್ತಿ, ಡ್ರಮ್ಮು ಮತ್ತೆ ತೊಳೆದು, ಅರ್ಧದಷ್ಟನ್ನು ಉಳಿಸಿಕೊಂಡಿದ್ದಳು. ನನ್ನ ಡೈರಿಯಲ್ಲೂ ಹುಳ ಹತ್ತಿದ್ದವು, ನಾನೂ ಗೋಣಿಗೆ ಎತ್ತಿದ್ದೆ.

“ಕೀಡೆ ಊಪರ್ ಕ್ಯೂಂ ಆಯೇ?” — ಹುಳ ಮೇಲೆ ಯಾಕೆ ಬಂದವು — ಎಂದು ಇಬ್ಬರನ್ನೂ ಕೇಳಿದರು. ಸುಮತಿ ಹಿಂದಿಯಲ್ಲಿ, “ನಮಕ್... ವೋ ಡ್ರಮ್ ಮೇಂ ಪೆಹಲೇ...” — ಉಪ್ಪು, ಆ ಡ್ರಮ್ಮಿನಲ್ಲಿ ಮೊದಲು — ಎಂದು ತಡವರಿಸುವಷ್ಟರಲ್ಲಿ ನಾನು ಇಂಗ್ಲಿಷಿನಲ್ಲಿ ಲವಣಾಂಶ, ತೇವಾಂಶ, ಹುಳದ ಚರ್ಮದ ಸೂಕ್ಷ್ಮತೆ ಎಂದು ಒಂದು ಉಪನ್ಯಾಸವನ್ನೇ ಒಪ್ಪಿಸಿಬಿಟ್ಟೆ. ಪರೀಕ್ಷಕರ ಮುಖ ಅರಳಿತು. ಅವಳ ಡೈರಿಯ ತಪ್ಪುತಪ್ಪಾದ ಇಂಗ್ಲಿಷ್ ಅಕ್ಷರಗಳ ಮೇಲೆ ಪೆನ್ನಿನಿಂದ ಕುಟ್ಟುತ್ತ, “ಏನಮ್ಮ, ಸರ್ ಬರೆದದ್ದನ್ನು ನೋಡಿ ಇಳಿಸಿದೆಯಲ್ಲ?” ಎಂದು ಹಿಂದಿಯಲ್ಲೇ ಗದರಿದರು.

ಈಗಲೂ ನನ್ನ ರಕ್ತ ಕುದಿಯುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಎರಡು ಕೋಣೆಯ ಮನೆಯಲ್ಲಿ ಇನ್ನೂರು ಲೀಟರಿನ ಉಪ್ಪಿನಕಾಯಿ ಡ್ರಮ್ಮು ಯಾಕಯ್ಯಾ ಎಂದು ಆ ಮನುಷ್ಯ ನನ್ನನ್ನು ಕೇಳಬೇಕಿತ್ತು. ನಿನ್ನ ಅಂಗೈ ತೋರಿಸು ಎನ್ನಬೇಕಿತ್ತು. ಕೃಷಿಯ ಪರೀಕ್ಷೆಯಲ್ಲಿ ಇಸ್ತ್ರಿ ಮಾಡಿದ ಅಂಗಿಗೂ ಇಂಗ್ಲಿಷಿಗೂ ಅಂಕ ಕೊಡುವವನನ್ನು ಏನೆನ್ನಬೇಕು? — ಆದರೆ ಇದು ಎಂಥ ಸಿಟ್ಟು. ಕದ್ದವನು, ಪೊಲೀಸು ದಡ್ಡ ಎಂದು ಕೂಗಾಡಿದ ಹಾಗೆ. ಅವರು ಮೋಸಹೋದರು, ಮಾಡಿದವನು ನಾನು.

ಸುಮತಿ ಅಳಲಿಲ್ಲ. ಚೀಲದಿಂದ ಆ ಆರ್ಡರ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. “ಅಸಲಿ ಯೇ ಹೈ ಸಾಬ್” — ಮೂಲ ಇದು — ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, “ಹೇಳಿ ಸರ್” ಎಂದಳು. ಅಷ್ಟೇ.

ಪರೀಕ್ಷಕರು ನಾಲ್ಕು ಹಾಳೆ ತಿರುವಿದರು. ಕನ್ನಡ ಅವರಿಗೆ ಬರುತ್ತಿರಲಿಲ್ಲ. ಪುಸ್ತಕವನ್ನು ನನ್ನ ಕೈಗೇ ಕೊಟ್ಟು ಇದರಲ್ಲಿ ಏನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ನಾವಿಬ್ಬರೇ. ನಾನು ತೆರೆದ ಪುಟ — ನೆನಪಿದೆ, ಚೆನ್ನಾಗಿ ನೆನಪಿದೆ — ‘ಹೂಕೋಸಿನ ದಂಟು, ಸೋರೆ ಸಿಪ್ಪೆ, ಕೊತ್ತಂಬರಿ ಬೇರು. ಹುಳ ಇವತ್ತು ಚುರುಕು ಉಂಟು.’

“ತರಕಾರಿ ಪಟ್ಟಿ,” ಎಂದೆ ಇಂಗ್ಲಿಷಿನಲ್ಲಿ. “ಹೋಟೆಲಿನದು.”

ಅಷ್ಟು ಇಂಗ್ಲಿಷ್ ಅವಳಿಗೂ ಅರ್ಥವಾಗುತ್ತಿತ್ತು. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡಳು — ಕಸಿದುಕೊಳ್ಳಲಿಲ್ಲ, ಗ್ರಾಹಕರ ಮುಂದಿನ ತಟ್ಟೆ ಎತ್ತುವ ಹಾಗೆ ತೆಗೆದುಕೊಂಡಳು — ಮತ್ತು ಹೊರಗೆ ಹೋದಳು. ನಕಲು ಮಾಡಿದ್ದಾಳೆಂದು ಅವಳ ಫಲಿತಾಂಶವನ್ನು ತಡೆದರು. ಜೂನ್ ಕಳೆಯಿತು. ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಅದೇ ವಾರ ನನಗೆ ಶಾಲು.

ಯಾಕೆ ಹಾಗೆ ಹೇಳಿದೆ ಎಂದರೆ — ಕಾರಣಗಳಿವೆ, ಬೇಕಾದಷ್ಟಿವೆ. ಹೊರಗೆ ಕಾದಿದ್ದ ವಿದ್ಯಾರ್ಥಿಗಳು, ಆಗಲೇ ಪೇಢೆ ಹಂಚಿದ್ದ ಹೆಂಡತಿ, ಈ ವಯಸ್ಸಿನಲ್ಲಿ ಮಾನ — ಅವನ್ನೆಲ್ಲ ಬರೆದು ಈ ಪುಟ ಕೆಡಿಸುವುದಿಲ್ಲ.

ಈ ವರ್ಷ, ಸಂಘದ ಗೆಳೆಯರೊಬ್ಬರ ಮುಂದೆ ಮೊದಲ ಸಲ ಬಾಯಿಬಿಟ್ಟೆ. ಅವರು ನಕ್ಕರು. “ಬಿಡ್ರಿ ಸಾಹೇಬ್ರ, ಎರಿಹುಳದ ಒಂದು ಪುಸ್ತಕ. ನೀವೇನು ಬ್ಯಾಂಕ್ ಲೂಟಿ ಮಾಡೀರೇನು?” ಅವರ ಮೇಲೆ ನನಗೆ ಬಂದ ಕೋಪ, ನಾಲ್ಕು ವರ್ಷ ನನ್ನ ಮೇಲೆ ಬರಬೇಕಿದ್ದ ಕೋಪ. ಒಬ್ಬಳ ತೊಂಬತ್ತು ದಿನ, ಅವಳ ಮೂಗು ಕಂಡುಹಿಡಿದದ್ದು, ಅವಳ ಕೈ ಉಳಿಸಿದ್ದು — ಅದು ‘ಎರೆಹುಳದ ಒಂದು ಪುಸ್ತಕ’. ನಮ್ಮಂಥವರು ಮಾಡಿದ್ದರೆ ಸಂಶೋಧನೆ ಎನ್ನುತ್ತಿದ್ದೆವು. ಚಹಾ ಅರ್ಧಕ್ಕೆ ಬಿಟ್ಟು ಎದ್ದು, ಅಲ್ಲಿಂದ ನೇರ ಮಾಟುಂಗಕ್ಕೆ ಹೋದೆ.

ಹೋಟೆಲಿನ ಹಿಂಬಾಗಿಲಲ್ಲಿ ಅವಳು ಬೀನ್ಸ್ ಮುರಿಯುತ್ತ ಕೂತಿದ್ದಳು. ಈಗ ಕೂರಲು ಒಂದು ಸ್ಟೂಲು ಕೊಟ್ಟಿದ್ದಾರೆ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳನ್ನು ಹೇಳತೊಡಗಿದೆ. ಅವಳು ಕೈ ನಿಲ್ಲಿಸಲಿಲ್ಲ.

“ನಂಗೆ ಎಂತಕ್ಕೆ ಹೇಳ್ತೀರಿ ಸರ್? ನಂಗೆ ಗೊತ್ತಿಲ್ವಾ ಅದು? ಗೊತ್ತಿಲ್ಲದವರಿಗೆ ಹೋಗಿ ಹೇಳಿ.”

“ಹೇಳ್ತೀನವಾ. ಬರದು ಕೊಡ್ತೀನಿ.”

“ಬರೀರಿ. ನಿಮ್ಗೆ ಬರೀಲಿಕ್ಕೆ ಬರ್ತದಲ್ಲ.” ಮುರಿದ ಬೀನ್ಸನ್ನು ಪಕ್ಕಕ್ಕೆ ಸರಿಸಿ, “ದಾರಿ ಬಿಡಿ ಸರ್, ಅಲ್ಲಿ ನೀರು ಚೆಲ್ಲುದುಂಟು” ಎಂದಳು.

ಅಲ್ಲಿಂದ ಬಂದು ಕೇಂದ್ರಕ್ಕೆ ಎಲ್ಲವನ್ನೂ ಬರೆದೆ: ಟಬ್ಬು, ಕರಡು, ಡ್ರಮ್ಮು, ನಾನು ಹೇಳಿದ ಆ ಎರಡು ಪದ. ಅವಳ ಪುಸ್ತಕವನ್ನು ಕನ್ನಡ ಬಲ್ಲ ಯಾರಿಂದಾದರೂ ಓದಿಸಿ ಎಂದು ಬೇಡಿಕೊಂಡೆ. ಲಗತ್ತು ಏನೂ ಇಡಲಿಲ್ಲ.

ಎರಡು ತಿಂಗಳ ಮೇಲೆ ಉತ್ತರ ಬಂತು. ನನ್ನ ಪ್ರಮಾಣಪತ್ರ ರದ್ದಾಗಿದೆ. ಮರುಪರಿಶೀಲನೆಯ ಅವಧಿ ಮುಗಿದಿರುವುದರಿಂದ ಸುಮತಿಯ ಫಲಿತಾಂಶದಲ್ಲಿ ಬದಲಾವಣೆ ಇಲ್ಲ.