ಬಳೆ ಹೆಚ್ಚಿದ ಗಿರಣಿ

ಹೋದ ವರ್ಷ ಶ್ರಾವಣ ಹತ್ತಿರ ಬಂದಿತ್ತು. ರಾಯಾಪುರದ ನಮ್ಮ ಹಿಟ್ಟಿನ ಗಿರಣಿಯಲ್ಲಿ ನಾಗರಪಂಚಮಿಯ ಉಂಡಿಗೆಂದು ಜನ ತಂದಿಟ್ಟ ಡಬ್ಬಿಗಳು ಬಾಗಿಲತನಕ ಸಾಲುಗಟ್ಟಿದ್ದವು. ಅಂಥ ಹೊತ್ತಿನಲ್ಲಿ ಕಲ್ಲು ತಿರುಗಿಸುವ ಶಾಫ್ಟಿನ ಬೇರಿಂಗ್ ಕರಕರ ಅಂದು ನಿಂತಿತು. ಹಿಂದಿನ ಬೇರಿಂಗ್ ಹೋಗಿ ಬಹಳ ದಿನವೂ ಆಗಿರಲಿಲ್ಲ. ಯಾರ ಕೈಗೂ ಪೆಟ್ಟಾಗಲಿಲ್ಲವಲ್ಲ, ದೇವರು ದೊಡ್ಡವನು ಅಂದೆ. ನಮ್ಮ ಮನೆಯವರಿಗೆ ಆ ಮಾತು ಸೇರಲಿಲ್ಲ. ಇನ್ನೊಂದು ಹಾಕಿ ನೋಡುತ್ತೇನೆ, ಅದೂ ಹೋದರೆ ಗಿರಣಿ ಮಾರಿಬಿಡುವುದೇ ಅಂದರು. ಸುಮ್ಮನೆ ಹೆದರಿಸುವ ಮನುಷ್ಯರಲ್ಲ ಅವರು. ಮದುವೆಯಾಗಿ ಬಂದಾಗಿನಿಂದ ಆ ಗಿರಣಿಯ ಸದ್ದಿನಲ್ಲೇ ನನ್ನ ದಿನ ನಡೆದಿದೆ.

ಮರುದಿನ ಲೇಥ್ ಅಂಗಡಿಯ ಕಾಕಾ ಬಂದರು. ಮಾವನವರ ಕಾಲದಿಂದಲೂ ನಮ್ಮ ಗಿರಣಿಯ ರಿಪೇರಿ ಅವರದೇ. ಬೇರಿಂಗ್ ಬಿಚ್ಚಿದರೆ ಶಾಫ್ಟಿನ ಮೇಲೆ ಕೂಡುವ ಒಳಗಿನ ಉಕ್ಕಿನ ಬಳೆ ಅಡ್ಡಕ್ಕೆ ಸೀಳಿತ್ತು.

"ಮಾಲೇ ಖರಾಬ್ ಕಾಕಾ. ಬಳಿ ಒಡದೈತಿ ನೋಡ್ರಿ," ಅಂದರು ಇವರು.

ನಮ್ಮಲ್ಲಿ ಬಳೆ ಒಡೆದರೆ, ಅಶುಭವೆಂದು, ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಚಹಾ ಕೊಡುತ್ತಿದ್ದ ನಾನು ರೂಢಿಯಂತೆ, "ಒಡದೈತಿ ಅನಬ್ಯಾಡ್ರಿ, ಹೆಚ್ಚೇತಿ ಅನ್ರಿ," ಅಂದುಬಿಟ್ಟೆ.

"ಅದೇನ ನಿನ್ನ ಕೈಯಾಗಿನ ಬಳಿ ಏನ?" ಅಂತ ಇವರು ಕಣ್ಣು ಬಿಟ್ಟರು.

ಕಾಕಾ ಮಾತ್ರ ನಕ್ಕರು. ಶಾಫ್ಟಿಗೆ ಸುತ್ತಿದ್ದ ತಗಡಿನ ಪಟ್ಟಿ ಅಷ್ಟರಲ್ಲಿ ಅವರ ಕೈಗೆ ಸಿಕ್ಕಿತ್ತು. "ಯವ್ವ ಹೇಳಿದ್ದ ಖರೇ ಐತಿ. ನೀ ತಗಡ ಹೆಚ್ಚ ಮಾಡಿದಿ, ಬಳಿ ಹೆಚ್ಚಿತು."

ಶಾಫ್ಟ್ ಸವೆದು ಬೇರಿಂಗ್ ಸಡಿಲಾಗುತ್ತದೆಂದು ಇವರು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸುತ್ತಿ, ಸುತ್ತಿಗೆಯಿಂದ ಬಡಿದು ಕೂಡಿಸಿದ್ದರು. ಬೆಲ್ಟನ್ನೂ ಜಗ್ಗಿ ಬಿಗಿದಿದ್ದರು. ಕಾಕಾ ಸಾವಕಾಶ ತಿಳಿಸಿ ಹೇಳಿದರು. ಹಾಗೆ ಹಿಗ್ಗಿಸಿ ತೊಡಿಸಿದ ಬಳೆ ಗಿರಣಿ ನಿಂತಾಗಲೂ ಒಳಗಿನ ಎಳೆತದಲ್ಲೇ ಇರುತ್ತದೆ. ಅದರ ಮೇಲೆ ಬೇರಿಂಗಿನೊಳಗಿನ ರೋಲರುಗಳು ಸುತ್ತುಸುತ್ತಿಗೂ ಭಾರ ಹೇರುತ್ತವೆ. ಉಕ್ಕು ದಣಿದ ಕಡೆ ಕಣ್ಣಿಗೆ ಕಾಣದ ಕೂದಲೆಳೆಯಂಥ ಸೀಳು ಹುಟ್ಟುತ್ತದೆ. ಸಡಿಲಿದ್ದ ಬಳೆಯಾದರೆ ಆ ಸೀಳು ಅಲ್ಲೇ ನಿಂತೀತು. ಬಿಗಿದ ಬಳೆಯಲ್ಲಿ ಬಾಯಿ ತೆರೆಯುತ್ತ ಹೋಗಿ, ಒಂದು ದಿನ ಈ ಕಡೆಯಿಂದ ಆ ಕಡೆಗೆ ಆರಪಾರಾಗುತ್ತದೆ.

ಇವರು ಆ ತಗಡಿನ ಪಟ್ಟಿಯನ್ನು ಬೆರಳಲ್ಲಿ ಸುತ್ತುತ್ತ ನಿಂತರು.

ಸವೆದ ಶಾಫ್ಟಿಗೆ ಕಾಕಾ ತಮ್ಮ ಅಂಗಡಿಯಲ್ಲಿ ವೆಲ್ಡಿಂಗ್ ತುಂಬಿಸಿ, ಲೇಥಿಗೆ ಹಿಡಿದು ಅಳತೆಗೆ ತಂದರು. ತಿರುಗಿ ಬಂದವರೇ ನನ್ನ ಹಳೆಯ ಕಡಾಯಿ ಕೇಳಿ, ಮಶೀನ್ ಎಣ್ಣೆಯಲ್ಲಿ ಹೊಸ ಬೇರಿಂಗ್ ಕಾಯಿಸಿದರು. "ಇನ್ನ ಇದರಾಗ ಭಜಿ ಕರೀಬ್ಯಾಡ ಯವ್ವಾ," ಅಂದರು. ಬಿಸಿಗೆ ಹಿಗ್ಗಿದ ಬಳೆ ಶಾಫ್ಟಿನ ಮೇಲೆ ಸರ್ರನೆ ಜಾರಿ ಕೂತಿತು, ಸುತ್ತಿಗೆ ಬೇಕಾಗಲಿಲ್ಲ. ನಾನು ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದೆ.

ಸಂಜೆತನಕ ಗಿರಣಿ ನಡೆಯಿತು. ಡಬ್ಬಿಗಳ ಸಾಲು ಕರಗುತ್ತ ಬಂತು. ಇವರು ಮತ್ತೆಮತ್ತೆ ಬೇರಿಂಗಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಕೊನೆಗೆ ಅವರೇ, "ದೀಪಾವಳಿ ಚಕ್ಕಲಿ ಹಿಟ್ಟ ಸಣ್ಣಗ ಬೀಳಬೇಕು. ಅಷ್ಟರಾಗ ಸವದ ಕಲ್ಲಿಗೆ ಉಳಿಲೆ ಟಾಕಿ ಹೊಡಸೂಣ," ಅಂದರು.

ಮಾರುವ ಮನುಷ್ಯ ದೀಪಾವಳಿಯ ಮಾತಾಡುವುದಿಲ್ಲ. ನಾನು ಒಳಗೆ ಹೋಗಿ ತುಪ್ಪದ ದೀಪ ಹಚ್ಚಿದೆ.