ಮೂರು ಗಂಟೆಯ ತನಕ

ವಾಡಿಯ ಸ್ಟೇಷನ್ ರಸ್ತೆಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಎದುರಿನ ಗೋಡೆಗೆ ಇವತ್ತು ಬೆಳಗ್ಗೆ ಇಬ್ಬರು ಪೋಸ್ಟರ್ ಹಚ್ಚುತ್ತಿದ್ದರು. ಬಕೆಟ್ಟಿನಲ್ಲಿ ಮೈದಾ ಕುದಿಸಿ ಮಾಡಿದ ಅಂಟು, ದನಗಳು ನೆಕ್ಕದಿರಲೆಂದು ಅದಕ್ಕೆ ಬೆರೆಸಿದ ಮೈಲುತುತ್ತದ ಘಾಟು. ಚುನಾವಣೆ ಬಂತೆಂದು ಪೇಪರಿಗಿಂತ ಮೊದಲು ನನಗೆ ಮೂಗು ಹೇಳುತ್ತದೆ. ಉಳಿದವರಿಗೆ ಅದು ಬರೀ ವಾಸನೆ. ನಾನು ಮಾತ್ರ ಶಟರ್ ಅರ್ಧ ಎತ್ತಿದವನು ಅರ್ಧಕ್ಕೇ ನಿಂತುಬಿಟ್ಟೆ.

ನೀವು ನಂಬಲಿಕ್ಕಿಲ್ಲ, ಒಂದು ಕಾಲಕ್ಕೆ ನಾನೂ ರಾಜಕೀಯ ಮಾಡಿದವನೇ. ನಿಂತವನೂ ಅಲ್ಲ, ಗೆದ್ದವನೂ ಅಲ್ಲ; ಬರೆದವನು. ಶಹಾಬಾದಿನಿಂದ ಭಂಕೂರ ದಾಟಿ ಒಳದಾರಿ ಹಿಡಿದರೆ ಸಿಗುವ ನಮ್ಮ ಊರಿನಲ್ಲಿ ಒಂದು ಯುವಕ ಸಂಘವಿತ್ತು. ಹೆಸರು ಯುವಕರದು, ಅಧ್ಯಕ್ಷರಾದ ಶರಣಪ್ಪ ಸಾವುಕಾರರಿಗೆ ಮೊಮ್ಮಕ್ಕಳಿದ್ದರು. ಪರಸಿ ಕಲ್ಲು ಹಾಸಿದ ಒಂದೇ ಕೋಣೆ, ಒಂದು ಜಮಖಾನೆ, ಗೋಡೆಗೆ ಬಸವಣ್ಣನವರ ಪಟ. ದಿನಾ ಸಂಜೆ ಅಲ್ಲಿ ಚಹಾ ಕುಡಿಯುತ್ತಾ ಜಗತ್ತಿನ ಎಲ್ಲ ಸರಕಾರಗಳನ್ನೂ ಇಳಿಸಿ ಏರಿಸುತ್ತಿದ್ದೆವು. ನಾನು ಅದರ ಕಾರ್ಯದರ್ಶಿ. ಅಕ್ಷರ ದುಂಡಗಿದ್ದವು ಎಂಬುದೊಂದೇ ಅರ್ಹತೆ.

ಊರಿಗೆ ಯಾವ ಪಕ್ಷದ ಯಾವ ಮುಖಂಡ ಬಂದರೂ ಸ್ವಾಗತ ಭಾಷಣ ನನ್ನದೇ ಕೈಬರಹ. ಒಮ್ಮೆ ಸಾವುಕಾರರು ಮೊದಲನೇ ಪುಟವನ್ನು ಎರಡು ಸಲ ಓದಿದರು. ಜನ ಎರಡು ಸಲವೂ ಅದೇ ಜಾಗದಲ್ಲಿ ಚಪ್ಪಾಳೆ ಹೊಡೆದರು. ಅದನ್ನು ನನ್ನ ಬರಹದ ಶಕ್ತಿ ಎಂದು ತಿಳಿದುಕೊಂಡು ಎಷ್ಟೋ ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ.

ನಮ್ಮ ಸಂಘಕ್ಕೆ ಒಂದು ದೊಡ್ಡ ಹೆಮ್ಮೆಯಿತ್ತು. ನಮ್ಮ ವಾರ್ಡಿನಲ್ಲಿ ಪಂಚಾಯಿತಿ ಚುನಾವಣೆ ನಡೆಯುತ್ತಲೇ ಇರಲಿಲ್ಲ. ಆ ಜಮಖಾನೆಯ ಮೇಲೆ ಕುಳಿತು ಒಂದು ಹೆಸರು ಹೇಳುತ್ತಿದ್ದರು; ಆ ಹೆಸರಿನವರೇ ಅವಿರೋಧವಾಗಿ ಆರಿಸಿ ಬರುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಚುನಾವಣೆಗೆ ತಲೆ ಒಡೆಯುತ್ತಿದ್ದಾಗ ನಮ್ಮಲ್ಲಿ ಪೇಡೆ ಹಂಚುತ್ತಿದ್ದರು. ‘ಗ್ರಾಮದ ಒಗ್ಗಟ್ಟಿಗೆ ಮಾದರಿ’ ಎಂದು ಪೇಪರಿಗೆ ಸುದ್ದಿ ಬರೆದು ಕಳಿಸುತ್ತಿದ್ದವನೂ ನಾನೇ. ಹೆಸರು ಹೇಳುವ ಹೊತ್ತಿಗೆ ಆ ಕೋಣೆಯಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ನೋಡುವ ಬುದ್ಧಿ ನನಗಿರಲಿಲ್ಲ.

ಒಂದು ವರ್ಷ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ಸಾವುಕಾರರು ತಮ್ಮ ಸೊಸೆಯ ಹೆಸರು ಹೇಳಿದರು. ಚಿಂಚೋಳಿ ಕಡೆಯ ಕೊಡ್ಲಿಯಿಂದ ಮದುವೆಯಾಗಿ ಬಂದ ಮಹಾದೇವಿ ಎಂಬ ಆ ಹೆಣ್ಣುಮಗಳನ್ನು ನಾವು ಯಾರೂ ಸರಿಯಾಗಿ ನೋಡಿರಲೂ ಇಲ್ಲ. ನಾನು ನಾಮಪತ್ರ ತುಂಬಿದೆ. ಮುಗಿಯಿತೆಂದುಕೊಂಡೆವು.

ನಾಮಪತ್ರ ಕೊಡುವ ಕೊನೆಯ ದಿನ ಬೆಳಗ್ಗೆ, ಆಗ ಶಹಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರವಿದ್ದ ನನ್ನ ಅಂಗಡಿಗೆ ಭೀಮಬಾಯಿ ಬಂದಳು. ನಮ್ಮೂರ ಕೆಳಗಿನ ಓಣಿಯವಳು. ಕಲ್ಲು ಪಾಲಿಶ್ ಮಾಡುವ ಮಷೀನಿನ ಮೇಲೆ ಕೆಲಸ. ಕೈ, ಸೆರಗು, ಹುಬ್ಬು ಎಲ್ಲದರ ಮೇಲೂ ಯಾವಾಗಲೂ ಬೂದು ಬಣ್ಣದ ಪುಡಿ. ಆವತ್ತು ಮಾತ್ರ ತೊಳೆದ ಸೀರೆ ಉಟ್ಟಿದ್ದಳು.

"ಅಣ್ಣಾ, ಇವು ಝೆರಾಕ್ಸ್ ಮಾಡಿ ಈ ಫಾರ್ಮ್ ತುಂಬಿಕೊಡ್ರಿ. ನಾ ಬರದ್ರ ಅಕ್ಷರ ಸೊಟ್ಟ ಆಗ್ತಾವ."

ನೋಡಿದರೆ ನಾಮಪತ್ರ. ಅದೂ ನಮ್ಮ ವಾರ್ಡಿನದೇ.

"ಭೀಮಕ್ಕಾ, ಸಾವುಕಾರ್ರಿಗಿ ಗೊತ್ತದೇನು?"

"ಗೊತ್ತಾಗ್ಲಿ ಅಂತೇ ಕೊಡ್ಲಕತ್ತೀನಿ. ನೀರಿನ ಪೈಪು ಮ್ಯಾಲಿನ ಓಣಿಗಿ ಬಂದು ನಿಂತು ಎಷ್ಟ್ ವರ್ಷ ಆಯ್ತು? ಕೇಳಲಾಕ ಹೋದ್ರ ಸಂಘದಾಗ ಕೇಳ್ರಿ ಅಂತಾರ. ಸಂಘದಾಗ ನಮಗ ಯಾರ್ ಕುಂದ್ರಸ್ತಾರ?"

ನಾನು ತುಂಬಿಕೊಟ್ಟೆ. ಧೈರ್ಯದಿಂದ ಎಂದು ತಿಳಿಯಬೇಡಿ. ಖಾಲಿ ಫಾರ್ಮು ಕಂಡರೆ ನನಗೆ ತಡೆಯಲಾಗುವುದಿಲ್ಲ, ಅದೊಂದು ರೋಗ. ಇದು ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ ಎಂಬ ಭಂಡ ಸಮಾಧಾನವೂ ಇತ್ತು.

ಸಂಜೆಯೊಳಗೆ ಅದು ಎಲ್ಲ ಕಡೆ ಮುಟ್ಟಿತು. ಮರುದಿನ ಬೆಳಗ್ಗೆಯೇ ಸಂಘಕ್ಕೆ ಕರೆಸಿದರು, ಹೋದಾಗ ಯಾರೂ ನನ್ನ ಕಡೆ ಚಹಾ ಸರಿಸಲಿಲ್ಲ. ಸಾವುಕಾರರಿಗೆ ಕೂಗಾಡುವ ಅಭ್ಯಾಸವಿರಲಿಲ್ಲ. ಮೆಲ್ಲಗೆ ಕೇಳಿದರು.

"ತಮ್ಮಾ, ಆಕಿ ಫಾರ್ಮಿನ ಮ್ಯಾಲಿನ ಅಕ್ಷರ ಭಾಳ ಚಂದ ಅವ ಅಂತ ಆಫೀಸನ್ಯಾಗ ಹೇಳ್ಲಕತ್ತಿದ್ರು. ಯಾರವು?"

ನಾನು ಜಮಖಾನೆಯ ಅಂಚು ನೋಡುತ್ತ ಕುಳಿತೆ.

"ನೀನೇ ತುಂಬೀದಿ. ನೀನೇ ವಾಪಸ್ ತೆಗೆಸು," ಎಂದು ನಾಮಪತ್ರ ಹಿಂತೆಗೆದುಕೊಳ್ಳುವ ಫಾರ್ಮನ್ನು ನನ್ನ ಜೇಬಿಗೆ ಅವರೇ ಇಟ್ಟರು. ಮಗುವಿನ ಜೇಬಿಗೆ ಚಾಕಲೇಟು ಇಟ್ಟ ಹಾಗೆ, ಮೇಲೆ ಎರಡು ಸಲ ತಟ್ಟಿದರು.

ಅಲ್ಲಿಂದಲೇ ಹೊರಟೆ. ಕೆಳಗಿನ ಓಣಿಗೆ ನಾನು ಅದಕ್ಕೂ ಮೊದಲು ಎಷ್ಟು ಸಲ ಹೋಗಿದ್ದೆ ಎಂದು ನೆನಪು ಮಾಡಿಕೊಳ್ಳುತ್ತ ಹೋದೆ. ಒಂದೂ ನೆನಪಾಗಲಿಲ್ಲ. ಭೀಮಬಾಯಿಯ ಮನೆಯಲ್ಲಿ ಬುದ್ಧನ ಕ್ಯಾಲೆಂಡರಿನ ಕೆಳಗೆ ಅವಳ ಗಂಡ ಮಾನಪ್ಪ ಗೋಡೆಗೆ ಒರಗಿ ಕುಳಿತಿದ್ದ. ಕೆಲಸದ ದಿನ, ಹಗಲು ಹನ್ನೊಂದು ಗಂಟೆ. ಅವನು ದುಡಿಯುತ್ತಿದ್ದದ್ದು ಸಾವುಕಾರರ ಕಲ್ಲಿನ ಖಣಿಯಲ್ಲಿ.

"ಇವತ್ತಿಂದ ಬರಬ್ಯಾಡ ಅಂದಾರ," ಎಂದ. ನನ್ನನ್ನು ನೋಡಿ ಹೇಳಿದನೋ ನೆಲ ನೋಡಿ ಹೇಳಿದನೋ ತಿಳಿಯಲಿಲ್ಲ.

ನಾನು ಫಾರ್ಮು ತೆಗೆದೆ. ಭೀಮಬಾಯಿ ಒಲೆ ಬಿಟ್ಟು ಬಂದು ಎದುರಿಗೆ ಕುಳಿತಳು.

"ಅದರಾಗ ಏನ್ ಬರದಾರ, ಓದ್ರಿ ಅಣ್ಣಾ."

"ನನ್ನ ಸ್ವಇಚ್ಛೆಯಿಂದ ನನ್ನ ಉಮೇದುವಾರಿಕೆಯನ್ನು..." ಎಂದು ಓದತೊಡಗಿದೆ. ಅಲ್ಲೇ ತಡೆದಳು.

"ಸ್ವಇಚ್ಛೆ ಅಂದ್ರ?"

"ಅಂದ್ರ, ನಿಮ್ಮ ಮನಸ್ಸಿನಿಂದ."

"ನನ್ನ ಮನಸ್ಸಿನ್ಯಾಗ ಏನದ ಅಂತ ಬರದವ್ರಿಗಿ ಯಾರ್ ಹೇಳಿದ್ರು?"

ಓದುವುದನ್ನು ಬಿಟ್ಟು ಫಾರ್ಮು ಮಡಚಿದೆ. ಅವಳೇ ಕೊನೆಗೆ, "ಆಯ್ತು, ಸಂಘಕ್ಕ ಬಂದು ನಾನೇ ಹೇಳ್ತೀನಿ," ಎಂದಳು.

ಮರುದಿನ ಸಂಜೆ ಐದರ ಹೊತ್ತಿಗೆ ಬಂದಳು. ಆ ಕೋಣೆಯೊಳಗೆ ಹೆಂಗಸೊಬ್ಬಳು ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಬಾಗಿಲಲ್ಲೂ ಇಬ್ಬರು ನಿಂತಿದ್ದರು, ಹೊರಗೆ ಮೋಟರ್‌ಸೈಕಲ್ಲುಗಳು. ಸಾವುಕಾರರು, "ಬರ್ರಿ ಬಾಯಿ, ಕುಂದ್ರಿ," ಎಂದರು. ಕುಳಿತವರು ಯಾರೂ ಸರಿಯಲಿಲ್ಲ. ಅವಳು ಜಮಖಾನೆ ಮುಗಿದಲ್ಲಿ, ಬರೀ ಪರಸಿಯ ಮೇಲೆ ಕುಳಿತಳು.

"ಪೈಪಿನ ಚಿಂತಿ ಬಿಡ್ರಿ. ಸೊಸಿ ಆರಿಸಿ ಬರ್ಲಿ, ನಿಮ್ಮ ಓಣಿಗಿ ನೀರು ಬರ್ತದ. ಇದು ನನ್ನ ಮಾತು," ಎಂದರು ಸಾವುಕಾರರು.

"ಹಂಗಾದ್ರ ಅದನ್ನ ಬರದು ಕೊಡ್ರಿ ಯಪ್ಪಾ. ಅಣ್ಣಾರು ಬರೀತಾರ, ನೀವು ಸಹಿ ಮಾಡ್ರಿ."

ಯಾರೋ ನಕ್ಕರು. "ಸಾವುಕಾರ್ರ ಮಾತಿಗಿ ಸಹಿ ಕೇಳ್ತೀಯಾ?" ಎಂದು ಇನ್ನೊಬ್ಬ ಎದ್ದುನಿಂತ. ಭೀಮಬಾಯಿ ಅವನ ಕಡೆ ತಿರುಗಲಿಲ್ಲ, ಸಾವುಕಾರರಿಗೇ ಹೇಳಿದಳು.

"ನೀವೂ ನನ್ನ ಸಹಿನೇ ಕೇಳ್ಲಕತ್ತೀರಿ. ನನ್ನ ಮಾತು ನಿಮಗ ಸಾಲಂಗಿಲ್ಲ, ನಿಮ್ಮ ಮಾತು ನನಗ ಸಾಲ್ಬೇಕು?"

ಎದ್ದವನು ಕೂರಲಿಲ್ಲ, ಬಾಗಿಲಲ್ಲಿದ್ದವರು ಒಳಗೆ ಒಂದು ಹೆಜ್ಜೆ ಬಂದರು. ಸಾವುಕಾರರ ಕಿವಿ ಕೆಂಪಗಾಗಿದ್ದವು. "ತಮ್ಮಾ, ಫಾರ್ಮ್ ತೆಗಿ. ಸಹಿ ಮಾಡಿಸ್ಕೋ," ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ.

ನನಗೆ ಹೊಳೆದದ್ದು ಒಂದು ಕಾನೂನು. "ಇಲ್ಲಿ ಮಾಡಿಸಿದ್ರ ನಡಿಯಂಗಿಲ್ರಿ. ಆಕಿನೇ ಅಧಿಕಾರಿ ಮುಂದ ಹೋಗಿ ಕೊಡ್ಬೇಕು," ಎಂದೆ. ಅರ್ಧ ನಿಜ ಅದು. ಸಹಿ ಮಾಡಿಸಿ, ಅವಳ ಹೆಸರು ಸೂಚಿಸಿದವರ ಕೈಯಲ್ಲಿ ಕಳಿಸಿದರೂ ನಡೆಯುತ್ತಿತ್ತು. ಆ ಇನ್ನರ್ಧವನ್ನು ನುಂಗಿಕೊಂಡೆ. ಸಾವುಕಾರರು ನನ್ನನ್ನು ಬಹಳ ಹೊತ್ತು ನೋಡಿದರು. "ಹಂಗಾದ್ರ ನಾಳಿ ನೀನೇ ಕರಕೊಂಡ್ ಬಾ. ವಾಪಸ್ ತಗೊಳ್ಳಲಾಕ ಮೂರು ಗಂಟಿ ತನಕ ಟೈಮ್ ಅದ."

ಮರುದಿನ ಪಂಚಾಯಿತಿ ಆಫೀಸಿನ ಅಂಗಳದ ಬೇವಿನ ಕಟ್ಟೆಯ ಮೇಲೆ ನಾನು ಮತ್ತು ಭೀಮಬಾಯಿ ಒಂದು ಗಂಟೆಗೇ ಹೋಗಿ ಕುಳಿತೆವು. ಗೇಟಿನ ಹತ್ತಿರ ಸಾವುಕಾರರ ಜೀಪು. ಸುತ್ತ ನಮ್ಮ ಸಂಘದವರೇ. ನಿನ್ನೆ ಮೊನ್ನೆಯವರೆಗೆ ನನ್ನ ಹೆಗಲ ಮೇಲೆ ಕೈ ಹಾಕಿ ನಿಲ್ಲುತ್ತಿದ್ದವರು. ಒಳಗೆ ಅಧಿಕಾರಿಯ ತಲೆಯ ಮೇಲಿನ ಗಡಿಯಾರ ಕಿಟಕಿಯಿಂದ ಕಾಣುತ್ತಿತ್ತು. ಒಂದೂವರೆ ಆಯಿತು. ಎರಡಾಯಿತು. ಒಬ್ಬ ಬಂದು, "ಏಳ್ರಿ ಬಾಯಿ, ಹೊತ್ತಾಯ್ತು," ಎಂದು ಹೋದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. ಅವನು ‘ಬಾಯಿ’ ಎನ್ನಲಿಲ್ಲ. "ಊರಾಗ ಇರೂದದೋ ಇಲ್ಲೋ?" ಎಂದ.

ಎರಡೂವರೆಗೆ ಮಾನಪ್ಪ ಬಂದ. ಗಂಡನೇ ಬಂದನಲ್ಲ, ಮುಗಿಯಿತು ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕ್ಷಣ ನನಗೆ ಹಗುರವೆನಿಸಿತು. ಅವನು ಕಟ್ಟೆಯ ಹತ್ತಿರ ನಿಂತು, ಜೀಪಿನ ಕಡೆ ಒಮ್ಮೆ ನೋಡಿ, ಹೆಂಡತಿಗೆ ಹೇಳಿದ:

"ಭಂಕೂರದಾಗ ಒಂದ್ ಕಡೆ ಕೆಲಸ ಕೇಳಿ ಬಂದೀನಿ. ಸೋಮಾರದಿಂದ ಬಾ ಅಂದಾರ. ನೀ ಏನ್ ಮಾಡ್ತಿ ಮಾಡು."

ಅಷ್ಟು ಹೇಳಿ ಬೇವಿನ ಆ ಬದಿಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತ.

ಭೀಮಬಾಯಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಕೈ ಚಾಚಿದಳು, ಫಾರ್ಮು ಕೊಟ್ಟೆ. ಜೀಪಿನ ಹತ್ತಿರದವರು ನೆಟ್ಟಗಾದರು. ಅವಳು ಅದನ್ನು ಬಿಡಿಸಿ ನೋಡಿದಳು, ಪುನಃ ಎರಡು ಮಡಿಕೆ ಮಾಡಿದಳು, ಕಟ್ಟೆಯ ಮೇಲಿಟ್ಟು ಅದರ ಮೇಲೆ ಸರಿದು ಕುಳಿತುಬಿಟ್ಟಳು.

ಗಡಿಯಾರದಲ್ಲಿ ಮೂರಕ್ಕೆ ಇನ್ನು ಹದಿನೈದು ನಿಮಿಷವಿತ್ತು. ನಾಲ್ಕು ಜನ ನಮ್ಮ ಕಡೆ ನಡೆದು ಬರತೊಡಗಿದ್ದರು. ಅಷ್ಟರಲ್ಲಿ ಜೀಪಿನ ಬಾಗಿಲು ತೆರೆಯಿತು. ಸಾವುಕಾರರು ಇಳಿಯಲಿಲ್ಲ, ಕೈ ಮಾತ್ರ ಹೊರಗೆ ಬಂತು, ಬೇಡ ಎಂದು ಎರಡು ಸಲ ಅಲ್ಲಾಡಿತು. ಯಾಕೆ ತಡೆದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಫೀಸಿನ ಮುಂದೆ ನಿಂತಿದ್ದ ಪೊಲೀಸಪ್ಪನ ಭಯವಿರಬಹುದು. ಒಳ್ಳೆಯತನವೂ ಇದ್ದೀತು, ಮನುಷ್ಯನ ಲೆಕ್ಕ ಹಿಡಿಯುವುದು ಕಷ್ಟ. ಮೂರು ಹೊಡೆಯಿತು. ಸಿಬ್ಬಂದಿಯವನೊಬ್ಬ ಹೊರಬಂದು ಬೋರ್ಡಿಗೆ ಪಟ್ಟಿ ಅಂಟಿಸಿದ. ನಮ್ಮ ವಾರ್ಡಿನ ಮುಂದೆ ಎರಡು ಹೆಸರಿದ್ದವು. ಭೀಮಬಾಯಿ ಹತ್ತಿರ ಹೋಗಿ ತನ್ನ ಹೆಸರಿನ ಕೆಳಗೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿಕೊಂಡಳು.

ಮುಂದೆ ಏನಾಯಿತೆಂದು ಕೇಳುತ್ತೀರಿ. ಸೋತಳು. ಪ್ರಚಾರಕ್ಕೆ ನಾನು ಎರಡೂವರೆ ಪುಟದ ಭಾಷಣ ಬರೆದುಕೊಟ್ಟಿದ್ದೆ. ಒಂದು ದಿನವೂ ಓದಲಿಲ್ಲ. ಓಣಿ ಓಣಿಯಲ್ಲಿ ನಿಂತು ನೀರಿನ ಮಾತಷ್ಟೇ ಆಡಿದಳು. ಆದರೆ ಸ್ಪರ್ಧೆ ಎಂದಾದ ಮೇಲೆ ಮಹಾದೇವಿಯೂ ವೋಟು ಕೇಳಲು ಹೊರಗೆ ಬರಬೇಕಾಯಿತು. ಕೆಳಗಿನ ಓಣಿಗೂ ಬಂದಳು. ಹೆಂಗಸರು ವೋಟಿನ ಮಾತು ಆಮೇಲೆ ಎಂದು, ಕೊಡ ಹೊತ್ತು ತಾವು ನಡೆಯುವ ದಾರಿಯನ್ನು ಅವಳಿಗೆ ತೋರಿಸಿದರಂತೆ. ಗೆದ್ದ ಕೆಲವು ತಿಂಗಳಿಗೆ ಆ ಹುಡುಗಿ ಮಾವನಿಗೆ ಹೇಳದೆ ನನ್ನ ಅಂಗಡಿಗೆ ಬಂದು ಕೇಳಿದಳು: "ಕೆಳಗಿನ ಓಣಿಗಿ ಪೈಪ್ ಬೇಕು ಅಂತ ಒಂದು ಅರ್ಜಿ ಬರೀಬೇಕ್ರಿ." ಬರೆದೆ. ನೀರು ಬಂತು, ತಡವಾಗಿಯಾದರೂ. ಆಮೇಲೆ ಆ ವಾರ್ಡಿನಲ್ಲಿ ಪ್ರತಿ ಸಲವೂ ಚುನಾವಣೆ ನಡೆಯಿತು. ಸಂಘಕ್ಕೆ ಮಾತ್ರ ನನ್ನನ್ನು ಯಾರೂ ಕರೆಯಲಿಲ್ಲ. ಶಹಾಬಾದಿನ ಗಿರಾಕಿಗಳೂ ಕಡಿಮೆಯಾದರು. ವಾಡಿಗೆ ಬಂದೆ.

ಈ ಕಥೆಯನ್ನು ಇಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಚಿತ್ತಾಪುರದ ಒಂದು ಸಭೆಯಲ್ಲಿ ಮೈಕಿನ ಮುಂದೆಯೂ ಹೇಳಿದ್ದುಂಟು. ಹೇಳುತ್ತ ಹೇಳುತ್ತ ಕಟ್ಟೆಯ ಮೇಲೆ ಕುಳಿತ ನಾನು ಸ್ವಲ್ಪ ಸ್ವಲ್ಪವೇ ಧೈರ್ಯವಂತನಾಗುತ್ತ ಬಂದೆ. ಸೇಡಂನಲ್ಲಿ ಹೇಳಿದಾಗಲಂತೂ ನಾನೇ ಅವಳಿಗೆ "ಹೆದರಬ್ಯಾಡ" ಎಂದಿದ್ದೆ.

ಇವತ್ತು ಮಧ್ಯಾಹ್ನ ಯಾಕೋ ಭೀಮಬಾಯಿಗೆ ಫೋನ್ ಹಚ್ಚಿದೆ. ಕ್ಷೇಮ ಸಮಾಚಾರವಾದ ಮೇಲೆ ಆ ದಿನದ ಮಾತು ತೆಗೆದೆ.

"ಆ ಕಾಗದ ಇಸ್ಕೊಳ್ಳೂ ಮುಂದ ನಿಮ್ಮ ಮುಖ ನೋಡ್ದೆ ಅಣ್ಣಾ," ಎಂದಳು. "ಕೊಟ್ಟುಬಿಡಕ್ಕಾ ಅಂತ ಒಂದ್ ಮಾತ್ ಅಂದಿದ್ರ ಕೊಟ್ಟುಬಿಡ್ತಿದ್ದೆ. ನನ್ನ ಧೈರ್ಯ ಅಲ್ಲಿಗಿ ಮುಗದಿತ್ತು. ನೀವು ಅನ್ನಲಿಲ್ಲ."

ಇಷ್ಟು ವರ್ಷ ನಾನು ಕೇಳಬೇಕೆಂದಿದ್ದ ಹೊಗಳಿಕೆ ಅದು. ಸುಮ್ಮನೆ ಇಟ್ಟುಕೊಳ್ಳಬಹುದಿತ್ತು. ಆಗಲಿಲ್ಲ.

"ಖರೇ ಹೇಳ್ತೀನಿ ಭೀಮಕ್ಕಾ, ಹೆದರಿ ಗಪ್ ಕುಂತಿದ್ದೆ. ಸಾವುಕಾರ್ರಿಗೂ ಹೆದರಿದ್ದೆ, ನಿಮಗೂ ಹೆದರಿದ್ದೆ."

"ನನಗ?"

"ಹೌದು, ನಿಮಗ."

ಅವಳು ನಗತೊಡಗಿದಳು. ಕೆಮ್ಮು ಬಂತು, ಕೆಮ್ಮಿ ಮತ್ತೆ ನಕ್ಕಳು.

"ನನಗೂ ಯಾರೋ ಒಬ್ಬರು ಹೆದರಿದ್ರು ಅಂತ ಇವತ್ತು ಗೊತ್ತಾಯ್ತು ನೋಡ್ರಿ. ತಡೀರಿ, ಇವರಿಗಿ ಹೇಳ್ತೀನಿ," ಎಂದು ಮಾನಪ್ಪನನ್ನು ಕೂಗಿದಳು.

ಅಂಗಡಿಯ ಮುಂದೆ ಗಿರಾಕಿಯೊಬ್ಬರು ಕಾಗದ ಹಿಡಿದು ನಿಂತಿದ್ದರು. ಕೈಸನ್ನೆ ಮಾಡಿ ಕಾಯಿಸಿದೆ. ಅವಳು ಗಂಡನಿಗೆ ಹೇಳಿ, ಇಬ್ಬರೂ ನಕ್ಕು ಮುಗಿಸುವ ತನಕ ನಾನು ಫೋನ್ ಇಡಲಿಲ್ಲ.