ಬಾಬಿನ್ ಕೇಸಿನ ಸದ್ದು

ನನ್ನ ಕಿವಿ ಕೆಟ್ಟಿದೆ ಎಂಬುದು ಕಾರ್ಖಾನೆಯ ಕೆಲಸದಲ್ಲಿದ್ದಾಗಲೇ ನನಗೆ ತಿಳಿದಿತ್ತು. ಯಾರಿಗೂ ಹೇಳಲಿಲ್ಲ. ಹಾಗೆ ಮುಚ್ಚಿಟ್ಟಿದ್ದರಿಂದ ನನ್ನ ಬಾಮೈದನ ಹೆಂಡತಿಗೆ ಒಂದು ಅನ್ಯಾಯವಾಯಿತು. ಅದನ್ನು ಬರೆದಿಡಬೇಕೆಂದು ಈಗ ಕೂತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು, ನಡೆದದ್ದನ್ನು ನಡೆದ ಹಾಗೆ ಬರೆಯುವುದಷ್ಟೇ ನನಗೆ ಗೊತ್ತು.

ಪೀಣ್ಯ ಎರಡನೇ ಹಂತದಲ್ಲಿ ಜನರೇಟರ್ ಇಂಜಿನ್ ಮಾಡುವ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಜೋಡಣೆಯಾದ ಇಂಜಿನ್ ನಮ್ಮ ಮುಂದೆ ಬಂದಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳುತ್ತಿದ್ದೆ. ಯಾವ ಬೇರಿಂಗ್ ಬಿಗಿ, ಯಾವ ವಾಲ್ವ್ ಸಡಿಲ ಎಂದು ಕೈಯಿಟ್ಟು ತೋರಿಸುತ್ತಿದ್ದೆ. ಇಂಜಿನ್ ಡಾಕ್ಟರ್ ಎಂದು ಕರೆಯುತ್ತಿದ್ದರು. ಲಗ್ಗೆರೆಯ ನಮ್ಮ ಬೀದಿಯಲ್ಲಿ ಹಳೆಯ ಸ್ಕೂಟರ್ ಕೊಳ್ಳುವವರೂ ನನ್ನನ್ನು ಕರೆದೊಯ್ಯುತ್ತಿದ್ದರು.

ಅದೇ ಸದ್ದು ನನ್ನ ಕಿವಿಯನ್ನು ತಿಂದಿತು. ಮೊದಲು ಗುಬ್ಬಚ್ಚಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ. ದಪ್ಪ ಸದ್ದುಗಳು ಮಾತ್ರ ಉಳಿದವು, ಸಣ್ಣ ಸದ್ದುಗಳೆಲ್ಲ ಸತ್ತವು. ವರ್ಷಕ್ಕೊಮ್ಮೆ ಕಂಪನಿಯವರು ಕಿವಿ ಪರೀಕ್ಷೆ ಮಾಡಿಸುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡು ಗಾಜಿನ ಈಚೆ ಕೂರಬೇಕು, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ಗಾಜಿನ ಆಚೆ ಬಟನ್ ಒತ್ತುವವನ ಮೊಣಕೈ ಒತ್ತಿದಾಗಲೆಲ್ಲ ಸ್ವಲ್ಪ ಏಳುತ್ತಿತ್ತು. ನಾನು ಆ ಮೊಣಕೈ ನೋಡಿಕೊಂಡೇ ಬೆರಳೆತ್ತಿದೆ. ನಾಲ್ಕು ವರ್ಷ ಹಾಗೆಯೇ ಪಾಸಾಗಿ, ಹೂಮಾಲೆ ಹಾಕಿಸಿಕೊಂಡು ನಿವೃತ್ತನಾದೆ. ಮನೆಯಲ್ಲಿ ಎಲ್ಲರ ತುಟಿ ನೋಡಿ ಮಾತಾಡುವುದನ್ನು ರೂಢಿಸಿಕೊಂಡಿದ್ದೆ.

ತುಮಕೂರು ರಸ್ತೆಯ ಮೇಲ್ಸೇತುವೆ ಹೊಸದಾಗಿ ತೆರೆದಿದ್ದ ಕಾಲ ಅದು. ಬಾಮೈದ ಬಾಗಲಗುಂಟೆಯಲ್ಲಿದ್ದ, ಬೇರೆಯವರ ಟ್ಯಾಕ್ಸಿ ಓಡಿಸುತ್ತಿದ್ದ. ಕಾರ್ಖಾನೆಗಳಿಗೆ ಬರುವ ವಿದೇಶಿ ಇಂಜಿನಿಯರುಗಳನ್ನು ಇಳಿಸಿಕೊಳ್ಳುವ ಒಂದು ಹೋಟೆಲಿನವರು, ದೊಡ್ಡ ಐಷಾರಾಮಿ ಗಾಡಿ ತಂದರೆ ವಿಮಾನ ನಿಲ್ದಾಣದ ಓಡಾಟವನ್ನೆಲ್ಲ ಅವನಿಗೇ ಕೊಡುತ್ತೇವೆ ಎಂದಿದ್ದರು. ಹೊಸದು ಕೊಳ್ಳುವ ಮಾತೇ ಇರಲಿಲ್ಲ. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕಂಪನಿಗಳ ದೊಡ್ಡವರು ಎರಡು ಮೂರು ವರ್ಷ ಓಡಿಸಿ ಮಾರುವ ಗಾಡಿಗಳ ಯಾರ್ಡ್ ಒಂದಿತ್ತು. ಒಂದು ಬೆಳಿಗ್ಗೆ ಅವನು, ಅವನ ಹೆಂಡತಿ, ನಾನು ಅಲ್ಲಿಗೆ ಹೋದೆವು.

ಅವನ ಹೆಂಡತಿ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹದಿಮೂರು ವರ್ಷದಿಂದ ಹೊಲಿಯುತ್ತಿದ್ದಳು. ಬಲಗೈ ಮಣಿಕಟ್ಟು ಊದಿ, ರಾತ್ರಿ ಬಟ್ಟೆ ಸುತ್ತಿಕೊಂಡೇ ಮಲಗುತ್ತಿದ್ದಳು. ದಾರಿಯಲ್ಲಿ ಹೇಳಿದ್ದಳು: "ಈ ಗಾಡಿ ಕೆಲಸ ಒಂದು ಕೈ ಹಿಡಿದ್ರೆ ನಾನು ಕೆಲಸ ಬಿಟ್ಬಿಡ್ತೀನಣ್ಣ. ಸೂಪರ್‌ವೈಸರ್ ಕೈಲಿ ಬೈಸ್ಕೊಂಡು ಸಾಕಾಗೋಗಿದೆ."

ಯಾರ್ಡಿನಲ್ಲಿ ಎರಡು ಗಾಡಿ ನಮ್ಮ ಕೈಗೆಟುಕುವಂತಿದ್ದವು. ಬಿಳಿಯದು ಪೆಟ್ರೋಲಿನದು. ಸರ್ವೀಸ್ ಪುಸ್ತಕದಲ್ಲಿ ಒಂದು ಸೀಲೂ ತಪ್ಪಿರಲಿಲ್ಲ, ಆದರೆ ಲೀಟರಿಗೆ ಏಳು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಕಪ್ಪಗಿನದು ಡೀಸೆಲ್, ಹನ್ನೊಂದು ಕೊಡುತ್ತದೆ ಎಂದರು. ಅದರ ಪುಸ್ತಕದಲ್ಲಿ ಕೊನೆಯ ವರ್ಷದ ಪುಟಗಳು ಖಾಲಿ.

"ಬಿಳೀದೇ ತಗೊಳ್ಳೋಣ," ಎಂದಳು ಅವಳು. "ಕುಡಿದ್ರೆ ಕುಡೀಲಿ. ಕೈ ಕೊಡಲ್ಲ."

"ಏರ್‌ಪೋರ್ಟಿಗೆ ಹೋಗಿ ಬರೋಷ್ಟರಲ್ಲಿ ದುಡಿದಿದ್ದೆಲ್ಲ ಬಂಕಿಗೇ ಸುರೀಬೇಕಷ್ಟೆ," ಎಂದ ಅವನು. ಅವನ ಕಣ್ಣು ಕಪ್ಪು ಗಾಡಿಯ ಮೇಲೆಯೇ ಇತ್ತು.

ಯಾರ್ಡಿನವನು ನಗುತ್ತಾ, "ಬೇಕಿದ್ರೆ ನಿಮ್ ಮೆಕ್ಯಾನಿಕ್ ಕರ್ಕೊಂಡ್ಬನ್ನಿ ಸಾರ್, ನಮ್ದೇನೂ ಅಭ್ಯಂತರ ಇಲ್ಲ," ಎಂದ.

"ಮೆಕ್ಯಾನಿಕ್ ಯಾಕೆ? ನಮ್ ಭಾವ ಕಿವಿ ಕೊಟ್ರೆ ಇಂಜಿನ್ನೇ ಬಾಯಿ ಬಿಡುತ್ತೆ," ಎಂದ ಬಾಮೈದ.

ಆಗಲೇ ಹೇಳಬಹುದಿತ್ತು. ವಯಸ್ಸಾಯಿತಪ್ಪಾ, ಮೊದಲಿನ ಹಾಗೆ ಕೇಳಿಸುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಶರ್ಟಿನ ಒಳಗಿಂದ ಸ್ಕ್ರೂಡ್ರೈವರ್ ತೆಗೆದೆ.

ಕಪ್ಪು ಗಾಡಿಯ ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಅದು ಸರಿ, ಹಳೆಯ ಗಾಡಿಯನ್ನು ತಣ್ಣಗಿದ್ದಾಗಲೇ ಶುರು ಮಾಡಿ ಕೇಳಬೇಕು. ಹಿಡಿಯನ್ನು ಕಿವಿಯ ಹಿಂದಿಟ್ಟು, ಗಾಡಿಯೊಳಗೆ ಕೂತ ಬಾಮೈದನಿಗೆ ಶುರು ಮಾಡು ಎಂದೆ. ಇಂಜಿನ್ನಿನ ದಪ್ಪ ದನಿ ಮೂಳೆಯೊಳಗೆ ಬಂತು. ಏರುಪೇರಿಲ್ಲದೆ ಒಂದೇ ಸಮನೆ ಇತ್ತು. ಅಷ್ಟೇ ನನಗೆ ಕೇಳಿದ್ದು. ತಲೆ ಎತ್ತಿದಾಗ ಅವಳು ಹುಬ್ಬು ಗಂಟಿಕ್ಕಿ ಇಂಜಿನ್ನನ್ನೇ ನೋಡುತ್ತಿದ್ದಳು. ನಾನು ಅವಳ ತುಟಿ ನೋಡಿದೆ.

"ಅಣ್ಣ, ಶುರುವಿನಲ್ಲಿ ಏನೋ ಕಿಣಿಕಿಣಿ ಅಂತು. ಈಗ ನಿಂತೋಯ್ತು. ನಮ್ ಮಿಷನ್ನಲ್ಲಿ ಕೆಳಗಿನ ದಾರದ ಬಾಬಿನ್ ಕೇಸ್ ಸಡಿಲ ಆದ್ರೆ ಹಿಂಗೇ ಬರುತ್ತೆ."

ಇನ್ನೊಮ್ಮೆ ಶುರು ಮಾಡಿಸಿದೆ. "ಈಗ ಬರ್ಲಿಲ್ಲ," ಎಂದಳು. "ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಬಂದು ಇನ್ನೊಂದ್ಸಲ ಕೇಳೋಣ್ವಾ ಅಣ್ಣ?"

ನಾಳೆ ಬಂದರೂ ನನಗೆ ಕೇಳಿಸುವುದಿಲ್ಲ. ಬೇರೆ ಯಾರನ್ನಾದರೂ ಕರೆಯಬೇಕಾಗುತ್ತದೆ, ಯಾಕೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಯಾರ್ಡಿನವನು, ಬಾಮೈದ, ಗಾಡಿ ಒರೆಸುತ್ತಿದ್ದ ಇಬ್ಬರು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಇದು ನಿಮ್ ಗಾರ್ಮೆಂಟ್ಸ್ ಮಿಷನ್ ಅಲ್ಲ ಕಣಮ್ಮ," ಎಂದೆ. "ಮೂವತ್ತೊಂದು ವರ್ಷ ಇಂಜಿನ್ ಜೊತೆ ಸಂಸಾರ ಮಾಡಿದೀನಿ. ಬ್ಲೌಸ್ ಹೊಲಿಸ್ಬೇಕಾದ್ರೆ ನಿನ್ನ ಕೇಳ್ತೀನಿ."

ಎಲ್ಲರೂ ನಕ್ಕರು. ಯಾರ್ಡಿನವನು ಸ್ವಲ್ಪ ಹೆಚ್ಚೇ ನಕ್ಕ. ಬಾಮೈದ ಅವಳ ಕಡೆ ತಿರುಗಿ, "ಒಳ್ಳೆ ಗಳಿಗೆ ನೋಡ್ಕೊಂಡು ಬಂದಿದೀವಿ, ಅಪಶಕುನ ನುಡೀಬೇಡ," ಎಂದ. ಅವಳು ಸೆರಗು ಹೊದ್ದುಕೊಂಡಳು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆ ನೋಟ ಯಾಕೆಂದು ಆಗ ತಿಳಿಯಲಿಲ್ಲ.

ಕಪ್ಪು ಗಾಡಿ ಬಂತು. ಇಬ್ಬರ ಉಳಿತಾಯವೆಲ್ಲ ಅದರೊಳಗೆ ಹೋಯಿತು. ಎರಡು ತಿಂಗಳಾದ ಮೇಲೆ ಅವಳು ಕೆಲಸ ಬಿಟ್ಟಳು. ಬಾಗಿಲು ಹಾಕಿಕೊಂಡರೆ ಹೊರಗಿನ ಒಂದು ಸದ್ದೂ ಒಳಗೆ ಬಾರದು, ಅದೇ ಆ ಗಾಡಿಯ ದೊಡ್ಡಸ್ತಿಕೆ. ಹಾಗಾಗಿ ಓಡಿಸುವ ಅವನಿಗೂ ಏನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಹೊರಗೆ ನಿಂತು ಕಳಿಸುತ್ತಿದ್ದ ಅವಳಿಗೆ ಮಾತ್ರ ಕೇಳುತ್ತಿತ್ತು. ಒಂದು ಸಲ ಹೇಳಿದಳಂತೆ. "ಭಾವನಿಗಿಂತ ಜಾಸ್ತಿ ಗೊತ್ತಾ ನಿಂಗೆ?" ಎಂದನಂತೆ.

ಐದನೇ ತಿಂಗಳು ಮಾದನಾಯಕನಹಳ್ಳಿಯ ಹತ್ತಿರ, ಹೋಟೆಲಿನ ಅತಿಥಿಗಳು ಒಳಗೆ ಕೂತಿರುವಾಗಲೇ ಇಂಜಿನ್ ಒಮ್ಮೆಗೇ ನಿಂತಿತು. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಒಳಗಿನ ಟೈಮಿಂಗ್ ಚೈನ್ ಜಾರಿ, ಅವು ಪಿಸ್ಟನ್ನಿಗೆ ಬಡಿದು ಮುರಿದಿದ್ದವು. ಗ್ಯಾರೇಜಿನವನು ಬಿಚ್ಚಿ ತೋರಿಸಿ ಕೇಳಿದ: "ಚೈನ್ ಸಡಿಲ ಆಗಿ ಬಹಳ ದಿನ ಆಗಿದೆ. ತಣ್ಣಗಿದ್ದಾಗ ಸದ್ದು ಮಾಡಿರ್ಬೇಕಲ್ಲ, ಯಾರಿಗೂ ಕೇಳಿಸ್ಲಿಲ್ವಾ?"

ಬಾಮೈದ ನನ್ನತ್ತ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ನಾನೆಂದೆ: "ಎಲ್ಲೋ ಕಲಬೆರಕೆ ಡೀಸೆಲ್ ಬಿದ್ದಿದೆ. ತಗೊಂಡಾಗ ಇಂಜಿನ್ ಶುದ್ಧವಾಗಿತ್ತು."

ಅವನು ನಂಬಿದ. ನನ್ನನ್ನು ನಂಬುವುದು ಅವನಿಗೆ ಅಭ್ಯಾಸವಾಗಿತ್ತು. ಹೋಟೆಲಿನವರು ಬೇರೆ ಗಾಡಿ ನೋಡಿಕೊಂಡರು. ಇಂಜಿನ್ ಹೊಸದು ಹಾಕಿಸುವ ಶಕ್ತಿ ಇರಲಿಲ್ಲ, ಗಾಡಿ ಗುಜರಿಯ ಬೆಲೆಗೆ ಹೋಯಿತು. ಅವನು ಕಾರ್ಖಾನೆಯ ಬಸ್ಸಿಗೆ ಡ್ರೈವರಾದ. ಅವಳು ಇನ್ನೊಂದು ಗಾರ್ಮೆಂಟ್ಸಿಗೆ ಹೊಸಬಳಾಗಿ ಸೇರಿ, ಅದೇ ಮಣಿಕಟ್ಟಿನಲ್ಲಿ ಮೊದಲಿಂದ ಶುರು ಮಾಡಿದಳು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮನೆಯಲ್ಲಿ ಯಾವ ಶುಭಕಾರ್ಯಕ್ಕೆ ಸೇರಿದರೂ ಬಾಮೈದ, "ಇವ್ಳು ಅವತ್ತು ಬಾಯಿ ಬಿಟ್ಲು, ಗಾಡಿ ಹೋಯ್ತು," ಎನ್ನುತ್ತಿದ್ದ. ಮೊದಲು ತಮಾಷೆಗೆ ಎನ್ನುತ್ತಿದ್ದ, ಆಮೇಲಾಮೇಲೆ ನಿಜಕ್ಕೇ. ನೆಂಟರು ಹೊಸದೇನಾದರೂ ಕೊಳ್ಳುವಾಗ ಅವಳನ್ನು ಕರೆಯದಾದರು. ಎಂಟು ವರ್ಷ ನಾನು ಆ ಮಾತು ನಡೆಯುವಾಗಲೆಲ್ಲ ಎಲೆಯ ಮೇಲೆ ಕಣ್ಣಿಟ್ಟು ಉಂಡೆ.

ಕೊನೆಗೆ ಕಿವಿ ಇನ್ನಷ್ಟು ಮಂದವಾಗಿ ಮುಚ್ಚಿಡಲಾಗದೆ ಹೋದಾಗ, ನನ್ನ ಮಗಳು ಹಟ ಮಾಡಿ ಶ್ರವಣಯಂತ್ರ ಹಾಕಿಸಿದಳು. ಅದು ಬಂದ ವಾರವೇ, ಒಂದು ಭಾನುವಾರ ಮಧ್ಯಾಹ್ನ ಬಾಮೈದನ ಮನೆಗೆ ಹೋದೆ. ಅವನು ಮಾಂಸ ತರಲು ಹೋಗಿದ್ದ. ಅವಳು ಪಡಸಾಲೆಯಲ್ಲಿ ಅಕ್ಕಪಕ್ಕದವರ ಬ್ಲೌಸ್ ಹೊಲಿಯುತ್ತಿದ್ದಳು. ಯಾರೋ ಬೀಗದ ಕೈ ಗೊಂಚಲು ಅಲುಗಿಸಿದ ಹಾಗೆ ಸದ್ದು ಬಂತು. ಹೊರಗೆ ನೋಡಿದೆ, ಯಾರೂ ಇರಲಿಲ್ಲ. ಅವಳು ಮಿಷನ್ ನಿಲ್ಲಿಸಿ, ಕೆಳಗಿನ ಮುಚ್ಚಳ ತೆಗೆದು ಸಣ್ಣ ಸ್ಕ್ರೂ ಒಂದನ್ನು ತಿರುಗಿಸಿದಳು. ಸದ್ದು ನಿಂತಿತು.

"ಏನದು?" ಎಂದೆ.

"ಬಾಬಿನ್ ಕೇಸ್ ಅಣ್ಣ. ಸಡಿಲ ಆಗಿತ್ತು."

ಅಲ್ಲೇ ಕುರ್ಚಿಯಲ್ಲಿ ಕೂತೆ. "ನಂಗೆ ಅವತ್ತು ಏನೂ ಕೇಳಿಸಿರ್ಲಿಲ್ಲಮ್ಮ," ಎಂದೆ. "ಕಿವಿ ಆಗಲೇ ಹೋಗಿತ್ತು."

ಅವಳು ದಾರ ಪೋಣಿಸುತ್ತಲೇ ಹೇಳಿದಳು: "ಗೊತ್ತಿತ್ತು. ನಾನು ಇಂಜಿನ್ ತೋರಿಸ್ತಿದ್ರೆ ನೀವು ನನ್ ಬಾಯಿ ನೋಡ್ತಿದ್ರಿ. ನಮ್ ಫ್ಲೋರಲ್ಲಿ ಇನ್ನೂರು ಮಿಷನ್ ಸದ್ದು. ನಾವೆಲ್ಲ ಬಾಯಿ ನೋಡೇ ಮಾತಾಡೋದು. ಅದು ಗೊತ್ತಾಗಲ್ವಾ?"

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ? ಗಾಡಿ ಬಗ್ಗೆ ಹೇಳಿದ್ದಕ್ಕೇ ನಗಾಡಿದ್ರಿ. ಭಾವನೋರಿಗೆ ಕಿವಿ ಕೇಳಲ್ಲ ಅಂತ ಅವ್ರಿಗೆ ಅಂದಿದ್ರೆ ಮನೆಗೇ ಸೇರಿಸ್ತಿರ್ಲಿಲ್ಲ ನನ್ನ."

ತಪ್ಪಾಯಿತು ಎಂದೆ. ಅವಳು ತಲೆ ಎತ್ತಲಿಲ್ಲ. "ನಂಗ್ಯಾಕೆ ಹೇಳ್ತೀರಾ ಅಣ್ಣ? ನಂಗೆ ಗೊತ್ತಿರೋದೇ ಅಲ್ವಾ. ಅವ್ರಿಗೆ ಹೇಳಿ."

ಗೇಟಿನ ಸದ್ದು ಆಯಿತು. ಹೊಸ ಯಂತ್ರದಲ್ಲಿ ಅದು ಬಹಳ ಜೋರಾಗಿ ಕೇಳಿತು. ಎದ್ದು ಹೋಗಿಬಿಡೋಣ ಎನಿಸಿತು, ನಿಜ ಹೇಳುತ್ತೇನೆ. ಬಾಮೈದ ಚೀಲ ಹಿಡಿದು ಒಳಗೆ ಬಂದ. "ಏನ್ ಭಾವ, ಕಿವಿಗೆ ಒಡವೆ ಹಾಕ್ಸಿದೀರಂತೆ," ಎಂದು ನಕ್ಕ. ಅವನು ನಗುತ್ತಿರುವಾಗಲೇ ಎಲ್ಲವನ್ನೂ ಹೇಳಿದೆ. ಮೊಣಕೈ ನೋಡಿ ಬೆರಳೆತ್ತಿದ್ದು, ಯಾರ್ಡಿನಲ್ಲಿ ಕೇಳಿಸದೆ ಹೋಗಿದ್ದು, ಕಲಬೆರಕೆ ಡೀಸೆಲ್ ಎಂದು ಸುಳ್ಳು ಹೇಳಿದ್ದು.

ಅವನು ಚೀಲ ಕೆಳಗಿಟ್ಟ. ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ.

"ಅವತ್ತು ಎಂಥಾ ಸದ್ದು ಅಂದಿದ್ದೆ ನೀನು?"

ಅವಳು ಮುಚ್ಚಳ ತೆಗೆದು ಸ್ಕ್ರೂ ಸಡಿಲ ಮಾಡಿ ಪೆಡಲ್ ತುಳಿದಳು. ಕಿಣಿಕಿಣಿ ಸದ್ದು ಪಡಸಾಲೆಯನ್ನೆಲ್ಲ ತುಂಬಿತು. ಅವನು ತಲೆ ಬಗ್ಗಿಸಿ ಕೇಳಿದ.

"ಸಾಕು, ನಿಲ್ಸು," ಎಂದ. ನನ್ನ ಕಡೆ ನೋಡದೆ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದ. ಅವಳು ಸ್ಕ್ರೂ ಬಿಗಿ ಮಾಡಿ, ಬ್ಲೌಸಿನ ಉಳಿದಿದ್ದ ತೋಳನ್ನು ಹೊಲಿಯತೊಡಗಿದಳು.